ಒಂಬತ್ತು ಅಡಿ ಸರಿದ ಬಾಗಿಲು

ನನ್ನನ್ನು ಮಾಡಿಸಿದ ಖರ್ಚು ಹೀಗಿತ್ತು. ಓಕ್ ಮರದ ಹಲಗೆಗೆ ನಾಲ್ಕು ಗಿಲ್ಡರ್. ಮೂರು ಕಬ್ಬಿಣದ ಕೀಲು, ಒಂದು ಬೀಗ, ಬಡಿಯಲು ಒಂದು ಹಿತ್ತಾಳೆಯ ಬಳೆ, ಎಲ್ಲ ಸೇರಿ ಆರು ಫ್ರಾಂಕ್. ಅಗಸೆ ಎಣ್ಣೆಗೂ ಹಸಿರು ಬಣ್ಣಕ್ಕೂ ಅರ್ಧ ಗಿಲ್ಡರ್. ಹೊಸ್ತಿಲಿನ ನೀಲಿ ಕಲ್ಲು ಪುಕ್ಕಟೆ. ಅದು ಒಡೆದುಹೋದ ಹಂದಿ ತೊಟ್ಟಿಯ ಅಡಿಭಾಗ. ಬಡಗಿ ಟೋನ್‌ನದು ಎರಡೂವರೆ ದಿನದ ಕೂಲಿ. ಕೆಲಸ ಮುಗಿದಾಗ ಎರಡು ಹಲಗೆ ಮಿಕ್ಕವು. ಕೂಲಿಯಲ್ಲಿ ಸ್ವಲ್ಪ ಮುರಿದುಕೊಂಡು ಆ ಹಲಗೆಗಳನ್ನು ಟೋನ್ ತನ್ನ ಕೊಟ್ಟಿಗೆಗೆ ಹೊತ್ತುಕೊಂಡು ಹೋದ. ಆ ಎರಡು ಹಲಗೆಯ ವಿಚಾರ ಮುಂದೆ ಬರುತ್ತದೆ.

ಒಂದೇ ಬಾಗಿಲಿಗೆ ಎರಡು ದೇಶದ ದುಡ್ಡು ಯಾಕೆ ಎಂದು ನೀವು ಕೇಳಬಹುದು. ನಮ್ಮೂರು ಬಾರ್ಲೆ. ಊರು ಒಂದೇ, ದೇಶ ಎರಡು. ಹಿಂದೆ ಯಾವುದೋ ಕಾಲದಲ್ಲಿ ಇಬ್ಬರು ದೊರೆಗಳು ಹೊಲಗಳನ್ನು ತುಂಡುತುಂಡಾಗಿ ಹಂಚಿಕೊಂಡರಂತೆ. ಅವರು ಸತ್ತು ಮಣ್ಣಾದರೂ ಗೆರೆ ಸಾಯಲಿಲ್ಲ. ಹಾಲೆಂಡಿನ ನೆಲದ ನಡುವೆ ಬೆಲ್ಜಿಯಂನ ತುಣುಕುಗಳು, ಹರಿದ ಬಟ್ಟೆಗೆ ಹಾಕಿದ ತೇಪೆಗಳ ಹಾಗೆ. ಗೆರೆ ಬೀದಿಯನ್ನು ದಾಟುತ್ತದೆ, ಬೇಲಿಯನ್ನು ದಾಟುತ್ತದೆ, ಮನೆಗಳ ಒಳಗೂ ನುಗ್ಗುತ್ತದೆ. ನಮ್ಮ ಮನೆಯಲ್ಲಿ ಒಲೆ ಬೆಲ್ಜಿಯಂನಲ್ಲಿತ್ತು, ನೀರಿನ ಪಂಪು ಹಾಲೆಂಡಿನಲ್ಲಿತ್ತು. ಸೂಪು ಮಾಡಬೇಕಾದರೆ ದೇಶ ದಾಟಬೇಕು.

ಹಾಗಾದರೆ ಮನೆ ಯಾವ ದೇಶದ್ದು? ಅದಕ್ಕೆ ನಮ್ಮೂರಿನ ಹಳೆಯ ವಾಡಿಕೆಯೊಂದಿದೆ. ಬೀದಿ ಬಾಗಿಲು ಯಾವ ದೇಶದಲ್ಲಿದೆಯೋ ಮನೆ ಆ ದೇಶದ್ದು. ತೆರಿಗೆ ಅಲ್ಲಿಗೆ, ಮನೆ ಸಂಖ್ಯೆಯ ತಗಡು ಅಲ್ಲಿಯದು. ಅಂದರೆ ಇಡೀ ಮನೆಯ ದೇಶವನ್ನು ಹೊತ್ತು ನಿಂತವನು ನಾನು. ಮೊದಲ ದಿನ ಕೀಲಿಗೆ ಏರಿಸಿದಾಗ ನನ್ನನ್ನು ಬೆಲ್ಜಿಯಂ ಕಡೆಗೆ ನಿಲ್ಲಿಸಿದರು. ನನಗೆ ಒಂದಿಷ್ಟು ಜಂಬವಿತ್ತು, ಸುಳ್ಳು ಹೇಳುವುದಿಲ್ಲ.

ಮನೆಯೊಡೆಯ ಯಾನುಸ್ ಇಟ್ಟಿಗೆ ಗೂಡಿನ ಕೆಲಸಗಾರ. ಐದಾರು ವರ್ಷ ನನ್ನನ್ನು ತೆರೆದು ಮುಚ್ಚಿ, ಎದೆಯ ಕಾಯಿಲೆಯಲ್ಲಿ ಹೋದ. ಉಳಿದವರು ಹೆಂಡತಿ ನೆಲ್, ಮಗ ಫ್ಲೋರ್. ನಾನೂ ಫ್ಲೋರನೂ ಒಂದೇ ವರ್ಷದವರು. ನೆಲ್ ಪೊಫರ್‌ಗಳನ್ನು ಒಗೆದು ಗಂಜಿ ಹಾಕುವವಳು. ಪೊಫರ್ ಎಂದರೆ ಆ ಸೀಮೆಯ ಅನುಕೂಲಸ್ಥ ಹೆಂಗಸರು ಭಾನುವಾರ ಚರ್ಚಿಗೆ ತೊಡುತ್ತಿದ್ದ ದೊಡ್ಡ ಬಿಳಿ ಟೊಪ್ಪಿ. ಲೇಸು, ರೇಷ್ಮೆ ಹೂವು, ರಿಬ್ಬನ್ನು ಎಲ್ಲ ಇರುವಂಥದು. ಅದನ್ನು ಬಿಚ್ಚಿ, ಒಗೆದು, ಗಂಜಿಯಲ್ಲಿ ಅದ್ದಿ, ಒಂದೊಂದು ನಿರಿಗೆಯನ್ನೂ ಹುಲ್ಲುಕಡ್ಡಿಯ ಮೇಲೆ ಎತ್ತಿ ನಿಲ್ಲಿಸಬೇಕು. ನೆಲ್‌ಳ ಬೆರಳುಗಳು ಸದಾ ಬೆಳ್ಳಗೆ, ಒರಟಾಗಿ ಇರುತ್ತಿದ್ದವು. ಅವಳು ನನ್ನನ್ನು ಮುಟ್ಟಿದಲ್ಲೆಲ್ಲ ಗಂಜಿಯ ಗುರುತು ಉಳಿಯುತ್ತಿತ್ತು.

ಸಿದ್ಧವಾದ ಟೊಪ್ಪಿಗಳನ್ನು ಅಗಲವಾದ ಬೆತ್ತದ ಬುಟ್ಟಿಯಲ್ಲಿಟ್ಟು ಹಳ್ಳಿಹಳ್ಳಿಗೆ ಮುಟ್ಟಿಸುವ ಕೆಲಸ ಫ್ಲೋರನದು. ಬುಟ್ಟಿಯನ್ನು ಎರಡು ಕೈಯಲ್ಲೂ ಹಿಡಿಯಬೇಕು, ಅಲುಗಿಸುವಂತಿಲ್ಲ. ಹಾಗಾಗಿ ಅವನು ಯಾವತ್ತೂ ಹಿತ್ತಾಳೆ ಬಳೆ ಹಿಡಿದು ಬಡಿದವನಲ್ಲ. ಮರದ ಮೆಟ್ಟಿನ ತುದಿಯಿಂದ ನನ್ನ ಕೆಳಗಿನ ಹಲಗೆಗೆ ಎರಡು ಸಲ ಒದೆಯುತ್ತಿದ್ದ. ಟಪ್, ಟಪ್. ಒಂದು ಬಿರುಸು, ಒಂದು ಮೆತ್ತಗೆ.

"ಒದೀಬೇಡ ಅಂತ ಎಷ್ಟು ಸಲ ಹೇಳ್ಲಿ? ದುಡ್ಡು ಕೊಟ್ಟು ಮಾಡ್ಸಿದ ಬಾಗ್ಲು ಕಣೋ ಅದು!" ಎಂದು ನೆಲ್ ಒಳಗಿನಿಂದ ಕೂಗುವಳು.

"ಮೂಗಲ್ಲಿ ಬಡೀಲಾ ಹಾಗಾದ್ರೆ? ಕೈ ಖಾಲಿ ಇಲ್ಲಮ್ಮ!"

"ನಿನ್ನ ಮೂಗು ಅದಕ್ಕೂ ಸಾಕಾಗುತ್ತೆ, ನಿಮ್ಮಪ್ಪಂದೇ ಮೂಗು."

ದಿನಾ ಇದೇ ಮಾತು. ವರ್ಷ ಕಳೆದಂತೆ ಆ ಜಾಗದಲ್ಲಿ ಬಣ್ಣ ಹೋಗಿ ಹಕ್ಕಿಯ ಮೊಟ್ಟೆಯಷ್ಟು ಒಂದು ತಗ್ಗು ಬಿತ್ತು. ನೋವಾಗುತ್ತಿರಲಿಲ್ಲ. ಮರಕ್ಕೆ ಅಂಥದ್ದೆಲ್ಲ ಅಭ್ಯಾಸವಾಗುತ್ತದೆ.

ಫ್ಲೋರನಿಗೆ ಹದಿನೆಂಟು ತುಂಬಿದ ವರ್ಷ ಯುದ್ಧ ಬಂತು. ಜರ್ಮನರು ಬೆಲ್ಜಿಯಂ ಅನ್ನು ನುಂಗಿದರು. ಹಾಲೆಂಡ್ ಯಾರ ಪರವೂ ಅಲ್ಲ ಎಂದು ದೂರ ನಿಂತಿತು. ನಮ್ಮ ತೇಪೆಗಳು ಹಾಲೆಂಡಿನ ಹೊಟ್ಟೆಯೊಳಗಿದ್ದುದರಿಂದ ಜರ್ಮನರು ಅಲ್ಲಿಗೆ ಕಾಲಿಡುವಂತಿರಲಿಲ್ಲ. ಬೆಲ್ಜಿಯಂ ಮುಳುಗಿತು, ನಾವು ಉಳಿದೆವು. ಪ್ರವಾಹದಲ್ಲಿ ಮಂಚದ ಮೇಲೆ ಕೂತವರ ಹಾಗೆ. ಸುತ್ತಲೂ ಡಚ್ ಸಿಪಾಯಿಗಳು ಮುಳ್ಳುತಂತಿ ಎಳೆದರು. ಬೀದಿಯಲ್ಲಿ ಗಂಟುಮೂಟೆ ಹೊತ್ತ ನಿರಾಶ್ರಿತರು ಹರಿದರು. ನೀರು ಕೇಳಿ ನನ್ನನ್ನು ಬಡಿದವರಿಗೆ ಲೆಕ್ಕವಿಲ್ಲ.

ಮರುವರ್ಷ ಜರ್ಮನರು ದಕ್ಷಿಣದ ಕುರುಚಲು ಬಯಲಿನಲ್ಲಿ, ನಿಜವಾದ ಗಡಿಯ ಉದ್ದಕ್ಕೂ, ವಿದ್ಯುತ್ ತಂತಿ ಕಟ್ಟಿದರು. ಮುಟ್ಟಿದವರು ಸುಟ್ಟುಹೋಗುತ್ತಿದ್ದರು. ನಾಯಿ, ಕುರಿ, ಮೊಲ, ಆಮೇಲೆ ಜನ. ಆ ತಂತಿಯ ಆಚೆ ಅಪ್ಪ ಅಮ್ಮಂದಿರು, ಈಚೆಯಿಂದ ಸುತ್ತುಬಳಸಿ ಸೈನ್ಯ ಸೇರಿದ ಮಕ್ಕಳು. ಕಾಗದಗಳು ಹೋಗಬೇಕಲ್ಲ? ಫ್ಲೋರ್ ಟೊಪ್ಪಿಗಳ ಕೆಳಗೆ ಕಾಗದ ಒಯ್ಯತೊಡಗಿದ. ತಂತಿಯ ನಡುವೆ ಸಿಕ್ಕಿಸಿ ಅಗಲಿಸಲು ಮಡಿಚುವ ಮರದ ಚೌಕಟ್ಟೊಂದು ಅವನ ಬಳಿ ಇತ್ತು. ಒಣ ಮರಕ್ಕೆ ವಿದ್ಯುತ್ತು ಹತ್ತುವುದಿಲ್ಲ. ಅವನು ಅದನ್ನು ನನಗೆ ಒರಗಿಸಿಟ್ಟಾಗ ನನಗೆ ತಿಳಿಯಿತು, ಅದು ನನ್ನದೇ ಮರ. ಮಿಕ್ಕಿದ್ದ ಆ ಎರಡು ಹಲಗೆಗಳು. ಟೋನ್ ಮಾಡಿಕೊಟ್ಟಿದ್ದ. ನೆಲ್‌ಗೆ ಕಾಗದದ ವಿಷಯ ಗೊತ್ತಿತ್ತು, ಚೌಕಟ್ಟು ಮಾಡಿದವರು ಯಾರೆಂದು ಅವಳು ಕೇಳಲಿಲ್ಲ.

ಯುದ್ಧದ ಮೂರನೆಯ ವರ್ಷ, ಪರದೇಶದಲ್ಲಿರುವ ಬೆಲ್ಜಿಯಂ ಗಂಡಸರೆಲ್ಲ ಸೈನ್ಯಕ್ಕೆ ಬರಬೇಕೆಂಬ ಆಜ್ಞೆ ಹೊರಟಿತು. ನೆಲ್ ಅದನ್ನು ಗೋಡೆಯ ಮೇಲೆ ಓದಿ ಬಂದು ನನ್ನ ಮುಂದೆ ನಿಂತಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ಕಣ್ಣಿನಲ್ಲಿ ಅಳತೆ ನಡೆದಿತ್ತು.

ಒಂದು ಮಂಗಳವಾರ ಫ್ಲೋರ್ ಬುಟ್ಟಿ, ಚೌಕಟ್ಟು ಎತ್ತಿಕೊಂಡು ಹೊರಟ. ಶನಿವಾರ ಮುಸ್ಸಂಜೆಗೆ ಬರುತ್ತೇನೆ ಎಂದ.

"ಅಗುಳಿ ಹಾಕ್ಬೇಡಮ್ಮ. ಕೈ ಖಾಲಿ ಇರಲ್ಲ."

"ಹಾಕಲ್ಲ, ಹೋಗು. ಜೋಪಾನ."

ಬುಧವಾರ ಬೆಳಗ್ಗೆ ಟೋನ್ ಸುತ್ತಿಗೆ, ಹಾರೆ ತಂದ.

"ಫ್ಲೋರಂಗೆ ಒಂದು ಮಾತು ಕೇಳ್ಬಾರ್ದಾ ನೆಲ್?"

"ಕೇಳಿದ್ರೆ ಬೇಡ ಅಂತಾನೆ. ಅವ್ನು ಬರೋಷ್ಟರಲ್ಲಿ ಮನೆ ಹಾಲೆಂಡಿಗೆ ಹೋಗಿರ್ಬೇಕು. ಹಾಲೆಂಡಿನ ಮನೇಲಿರೋ ಹುಡುಗನ್ನ ಬೆಲ್ಜಿಯಂ ರಾಜ ಹೆಂಗೆ ಕರೀತಾನೆ, ನೋಡೇಬಿಡೋಣ."

"ಒಂಬತ್ತಡಿ ಸರಿಸಿದ್ರೆ ಸಾಕು. ಕಿಟಕಿ ಇರೋ ಕಡೆ ಬಾಗ್ಲು, ಬಾಗ್ಲಿದ್ದ ಕಡೆ ಗೋಡೆ. ಆದ್ರೆ ಹೊಸ್ತಿಲು ಕಲ್ಲು ನನ್ನೊಬ್ಬನ ಕೈಲಿ ಏಳಲ್ಲ."

"ಇರ್ಲಿ ಬಿಡು ಅಲ್ಲೇ."

ಹಾಗೆ ನನ್ನನ್ನು ಕೀಲಿನಿಂದ ಇಳಿಸಿ, ಒಂಬತ್ತು ಅಡಿ ಆಚೆ ಹಾಲೆಂಡಿನಲ್ಲಿ ನಿಲ್ಲಿಸಿದರು. ನನ್ನ ಹಳೆಯ ಜಾಗಕ್ಕೆ ಇಟ್ಟಿಗೆ ಬಂತು, ಗಾರೆ ಬಂತು. ನೀಲಿ ಕಲ್ಲು ಮಾತ್ರ ಗೋಡೆಯ ಬುಡದಲ್ಲಿ ಬೀದಿಗೆ ಚಾಚಿಕೊಂಡು ಉಳಿಯಿತು, ಗೋಡೆಯೊಳಗೆ ಕರೆಯುವ ಮೆಟ್ಟಿಲಿನ ಹಾಗೆ.

ಶುಕ್ರವಾರ ನೆಲ್ ಡಚ್ ಕಚೇರಿಗೆ ಹೋಗಿ ಮನೆ ಬರೆಸಿ ಬಂದಳು. ಬಂದವಳು ನನ್ನನ್ನು ಮುಚ್ಚಿ ನನಗೇ ಬೆನ್ನು ಕೊಟ್ಟು ನಿಂತಳು. ಟೋನ್ ಇನ್ನೂ ಒಳಗೆ ಗಾರೆ ಕೆರೆಯುತ್ತಿದ್ದ.

"ಏನಂದ್ರು?"

"ಮನೆ ಬರ್ಕೊಂಡ್ರು. ಮಗನ್ನ ಬರ್ಕೊಳ್ಲಿಲ್ಲ. 'ನೋಡೀಮ್ಮ, ಬಾಗ್ಲು ಸರಿಸಿದ್ರೆ ತೆರಿಗೆ ಸರಿಯುತ್ತೆ, ಹುಟ್ಟು ಸರಿಯಲ್ಲ. ಬೆಲ್ಜಿಯಂ ಅಪ್ಪನಿಗೆ ಹುಟ್ಟಿದೋನು ಯಾವ ಬಾಗ್ಲಿಂದ ಹೊರಗೆ ಬಂದ್ರೂ ಬೆಲ್ಜಿಯಂನವನೇ' ಅಂದ್ರು."

ಈ ತಪ್ಪು ನಮ್ಮೂರಿನವರು ಮಾತ್ರ ಮಾಡುವಂಥದು. ಬಾಗಿಲು ಸರಿಸಿ ತೆರಿಗೆ ಉಳಿಸಿದವರನ್ನು, ಸುಂಕದವರಿಂದ ತಪ್ಪಿಸಿಕೊಂಡವರನ್ನು ಅವರು ತಲೆತಲಾಂತರದಿಂದ ಕಂಡಿದ್ದರು. ಬಾಗಿಲಿಗೆ ಆಗದ ಕೆಲಸವಿಲ್ಲ ಎಂದು ನಂಬಿದ್ದರು. ನಾನೂ ನಂಬಿದ್ದೆ.

ಶನಿವಾರ ಮುಂಜಾನೆ ಟೋನ್ ಮತ್ತೆ ಬಂದ. ನನ್ನೆದುರು ನಿಂತ. ಬಡಿಯಲಿಲ್ಲ. ತುಂಬ ಹೊತ್ತಿನ ಮೇಲೆ ನೆಲ್ ತಾನಾಗಿ ತೆರೆದಾಗ ಅವನ ಕೈಯಲ್ಲಿ ಬೆತ್ತದ ಬುಟ್ಟಿಯಿತ್ತು, ಮುಚ್ಚಳ ಕರಕಲಾಗಿತ್ತು. ಹಿಂದಿನ ದಿನವೆಲ್ಲ ಮಂಜು, ತುಂತುರು. ಚೌಕಟ್ಟು ನೆನೆದಿತ್ತು. ಒಣ ಮರ ಕಾಯುತ್ತದೆ, ಒದ್ದೆ ಮರ ಕೊಲ್ಲುತ್ತದೆ. ಫ್ಲೋರ್ ಶುಕ್ರವಾರ ರಾತ್ರಿ ಮನೆಗೆ ಬರುವ ದಾರಿಯಲ್ಲಿ, ಅರ್ಧ ಮೈ ತಂತಿ ದಾಟಿದ ಮೇಲೆ, ಸತ್ತಿದ್ದ. ಕಾವಲಿನವರು ಅವನನ್ನು ಆಚೆಗೆಳೆದು ಅಲ್ಲೇ ಎಲ್ಲೋ ಮಣ್ಣು ಮಾಡಿದರು. ಬುಟ್ಟಿ ಮಾತ್ರ ಈಚೆ ಬಿದ್ದಿತ್ತು.

ಅವತ್ತು ಮುಸ್ಸಂಜೆ, ಅವನು ಬರುತ್ತೇನೆ ಎಂದಿದ್ದ ಹೊತ್ತಿಗೆ, ಸದ್ದಾಯಿತು.

ಟಪ್, ಟಪ್. ಒಂದು ಬಿರುಸು, ಒಂದು ಮೆತ್ತಗೆ.

ನನ್ನ ಮೇಲೆ ಅಲ್ಲ. ಒಂಬತ್ತು ಅಡಿ ಆಚೆ, ಗೋಡೆಯ ಮೇಲೆ. ನೀಲಿ ಕಲ್ಲಿನ ಎದುರು.

ನೆಲ್ ಒಲೆಯ ಬಳಿಯಿಂದ ಎದ್ದು ನಿಂತಳು. ನಾನು ಬೀದಿಯ ಕಡೆ ಮುಖ ಮಾಡಿದವನು. ಅಲ್ಲಿ ಯಾರೂ ಇರಲಿಲ್ಲ. ಆದರೂ ಆ ಕಲ್ಲಿನ ಮೇಲೆ, ಅಷ್ಟಗಲ ಜಾಗದಲ್ಲಿ ಮಾತ್ರ, ತುಂತುರು ಬೀಳುತ್ತಿರಲಿಲ್ಲ. ನೆಲ್ ನನ್ನನ್ನು ತೆರೆದು ಓಡಿ ಬಂದಳು. "ಇಲ್ಲಿ ಕಣೋ! ಬಾಗ್ಲು ಈ ಕಡೆ!" ಎಂದಳು. ಕಲ್ಲಿನ ಮೇಲೆ ಮಳೆ ಬಿತ್ತು.

ದಿನಾ ಬರುತ್ತಿರಲಿಲ್ಲ. ಶನಿವಾರಗಳಲ್ಲಿ, ಅದರಲ್ಲೂ ಮಂಜು ಕವಿದ ದಿನ. ಎರಡು ಒದೆ, ಒಂದಿಷ್ಟು ಹೊತ್ತು ಮೌನ, ಮತ್ತೆ ಎರಡು. ಕೈಯಲ್ಲಿ ಬುಟ್ಟಿ ಹಿಡಿದು ನಿಂತವನು ಕಾಯುವಷ್ಟೇ ಹೊತ್ತು. ನನಗಿರುವುದು ಮೂರು ಕೀಲು, ಮಾತಿಲ್ಲ. ಗಾಳಿ ಸಿಕ್ಕಾಗಲೆಲ್ಲ ಕೀಲು ಕಿರುಗುಟ್ಟಿಸಿ ಇಲ್ಲಿದ್ದೇನೆ ಎಂದು ಕರೆಯುತ್ತಿದ್ದೆ. ಅವನು ತಿರುಗುತ್ತಿರಲಿಲ್ಲ. ಸತ್ತವರಿಗೆ ತಾವು ಬಿಟ್ಟುಹೋದ ದಾರಿ ಮಾತ್ರ ಗೊತ್ತು. ಆಮೇಲೆ ಮಾಡಿದ್ದನ್ನು ಅವರಿಗೆ ಯಾರು ಹೇಳಬೇಕು?

"ಹೊಸ ಗಾರೆ ಒಣಗ್ತಾ ಇದೆ. ಇಟ್ಟಿಗೆ ಸದ್ದು ಮಾಡುತ್ತೆ," ಎಂದ ಟೋನ್.

"ಒಂದು ವರ್ಷದಿಂದ ಒಣಗ್ತಾ ಇದ್ಯಾ ನಿನ್ ಗಾರೆ?" ಎಂದಳು ನೆಲ್.

ಅವಳು ತನ್ನ ಕುರ್ಚಿಯನ್ನು ಆ ಗೋಡೆಗೆ ಒತ್ತಿ ಇಟ್ಟುಕೊಂಡಳು. ಅಲ್ಲೇ ಕೂತು ನಿರಿಗೆ ಹಿಡಿಯುತ್ತಿದ್ದಳು. ಸದ್ದಾದಾಗ ಅಂಗೈಯನ್ನು ಗೋಡೆಗೆ ಇಡುತ್ತಿದ್ದಳು. ಆ ಜಾಗದಲ್ಲಿ ಗಂಜಿಯ ಬಿಳಿ ಕೈಗುರುತು ಬಿತ್ತು.

ಯುದ್ಧ ಮುಗಿದ ಮೇಲೆ ನೆಲ್ ತಂತಿ ಇದ್ದ ಕಡೆಯ ಹಳ್ಳಿಗಳಿಗೆ ಹೋಗಿ ಬಂದಳು. ಅಲ್ಲಿನ ಪಾದ್ರಿ, ಆ ವರ್ಷ ಹೆಸರಿಲ್ಲದ ಮೂವರನ್ನು ಹೂಳಿದೆ, ಯಾವುದು ಯಾರದೋ ಹೇಳಲಾರೆ ಎಂದನಂತೆ. ನೆಲ್ ಮೂರಕ್ಕೂ ಹೂವಿಟ್ಟು ಬಂದಳು. ಅಲ್ಲಿಗೆ ಅವನ ಹೆಸರು ನೆಲದ ಮೇಲೆ ಎಲ್ಲಿಯೂ ಇಲ್ಲವಾಯಿತು.

ಅದಾಗಿ ಕೆಲವು ವರ್ಷಕ್ಕೆ ಬೆಲ್ಜಿಯಂ ಕಡೆಯ ಜನ ಸತ್ತವರ ನೆನಪಿಗೆ ಕಲ್ಲು ನಿಲ್ಲಿಸಲು ಸಮಿತಿ ಮಾಡಿಕೊಂಡರು. ಹೆಸರುಗಳನ್ನು ಕೆತ್ತುತ್ತಾರೆ ಎಂದು ಗೊತ್ತಾದ ದಿನದಿಂದ ನೆಲ್‌ಗೆ ಅದೊಂದೇ ಧ್ಯಾನ. ಸಮಿತಿಯ ಪರವಾಗಿ ಬಂದವರು ಲಾಂಬ್ರೆಕ್ತ್ ಮೇಷ್ಟ್ರು. ಫ್ಲೋರನಿಗೆ ಅಕ್ಷರ ಕಲಿಸಿದವರು. ಅವರು ನನ್ನೆದುರು ನಿಂತು, ನನ್ನ ಪಕ್ಕದ ಡಚ್ ತಗಡನ್ನು ನೋಡಿ, ಟೋಪಿ ತೆಗೆದರು.

"ನೆಲ್, ಪಟ್ಟಿ ಮಾಡಿರೋದು ಮನೆ ಪ್ರಕಾರ. ಫ್ಲೋರ್ ತೀರ್ಕೊಂಡ ದಿನ ಈ ಮನೆ ಹಾಲೆಂಡಿನದು. ಬಾಗ್ಲು ಸರಿಸಿ ಎರಡೇ ದಿನ ಆಗಿತ್ತು. ನಾನು ವಾದ ಮಾಡ್ದೆ, ಒಪ್ಲಿಲ್ಲ."

"ಡಚ್ಚರ ಕಲ್ಲಿಗೆ ಕೇಳ್ಲಾ?"

"ಅವ್ರಿಗೆ ಯುದ್ಧವೇ ಆಗಿಲ್ಲವಲ್ಲ. ಅವ್ರಿಗ್ಯಾತರ ಕಲ್ಲು?"

ನೆಲ್ ನಕ್ಕಳು. ಕೇಳಲು ಚೆನ್ನಾಗಿರಲಿಲ್ಲ ಆ ನಗು.

"ಸೈನ್ಯಕ್ಕೆ ಕರೆಯೋವಾಗ ಮಗನ ಹುಟ್ಟು ನೋಡಿದ್ರಿ. ಕಲ್ಲಲ್ಲಿ ಕೆತ್ತೋವಾಗ ಮನೆ ಬಾಗ್ಲು ನೋಡ್ತೀರಿ. ಚೆನ್ನಾಗಿದೆ ಮೇಷ್ಟ್ರೇ. ನೋಡ್ತಾ ಇರಿ, ಬಾಗ್ಲು ವಾಪಸ್ ಇಡ್ತೀನಿ. ಆವಾಗೇನು ಹೇಳ್ತಾರೋ ಕೇಳ್ತೀನಿ."

ಮೇಷ್ಟ್ರು ಟೋಪಿ ಹಾಕಿಕೊಂಡರು. ಅವಳು ಆಗಲೇ ಟೋನ್‌ಗೆ ಹೇಳಿಕಳಿಸಲು ಎದ್ದಿದ್ದಳು.

ಟೋನ್‌ಗೆ ಆ ಹೊತ್ತಿಗೆ ಬೆನ್ನು ಬಾಗಿತ್ತು. ಬಂದ, ಗೋಡೆ ನೋಡಿದ, ಹಾರೆ ಕೆಳಗಿಟ್ಟ.

"ಒಂದು ಮಾತು ನೆಲ್. ಬಾಗ್ಲು ವಾಪಸ್ ಇಟ್ರೆ ಈ ಗೋಡೆ ಇರಲ್ಲ. ಗೋಡೆ ಇಲ್ದಿದ್ರೆ ಆ ಸದ್ದೂ ಇರುತ್ತೋ ಇಲ್ವೋ. ಕಲ್ಲಲ್ಲಿ ಹೆಸರು ಸಿಗುತ್ತೆ ಅಂತ ಯಾರೂ ಮಾತು ಕೊಟ್ಟಿಲ್ಲ. ಎರಡೂ ಹೋದ್ರೆ?"

ನೆಲ್ ಕುರ್ಚಿಯ ಬೆನ್ನು ಹಿಡಿದು ನಿಂತಳು. ಗೋಡೆಯ ಮೇಲಿನ ತನ್ನ ಬಿಳಿ ಕೈಗುರುತನ್ನು ನೋಡಿದಳು. ನಾನು ಎಷ್ಟೋ ಸಲ ತೆರೆದಿದ್ದೇನೆ, ಮುಚ್ಚಿದ್ದೇನೆ; ಒಬ್ಬ ಮನುಷ್ಯ ತೆರೆಯಬೇಕೋ ಬೇಡವೋ ಎಂದು ಅಷ್ಟು ಹೊತ್ತು ನಿಂತದ್ದನ್ನು ನೋಡಿದ್ದು ಅದೊಂದೇ ಸಲ.

"ಆರು ವರ್ಷದಿಂದ ಹೊರಗೆ ನಿಂತಿದಾನೆ, ಟೋನ್," ಎಂದಳು. "ಒಡಿ."

ಟೋನ್ ಎರಡು ದಿನ ಒಡೆದ. ಕೂಲಿ ಕೊಡಹೋದರೆ ಕೈ ಹಿಂದೆ ಕಟ್ಟಿಕೊಂಡ. "ಬೇಡ. ಆ ಚೌಕಟ್ಟು ಮಾಡ್ಕೊಟ್ಟೋನು ನಾನೇ. ಈ ಬಾಗ್ಲಿಂದ ಮಿಕ್ಕ ಹಲಗೇಲಿ. ಎಣ್ಣೆ ಹಚ್ಚೋಕೆ ಹೇಳಿದ್ದೆ, ಆದ್ರೆ ನಾನೇ ಹಚ್ಚಿ ಕೊಡ್ಬೇಕಿತ್ತು."

ನೆಲ್ ಅವನ ಕೈ ಬಿಡಿಸಿ ದುಡ್ಡು ಇಟ್ಟಳು. "ನೀನು ಮಾಡ್ಕೊಡ್ದೇ ಇದ್ದಿದ್ರೆ ಅವ್ನು ಬರಿಗೈಲಿ ನುಸೀತಿದ್ದ. ಮೊದಲ್ನೇ ಸಲವೇ ಹೋಗ್ತಿದ್ದ. ನಿನ್ನ ಹಲಗೆ ನಂಗೆ ಒಂದು ವರ್ಷ ಮಗನ್ನ ಕೊಟ್ಟಿದೆ. ಬಾಯ್ಮುಚ್ಚಿ ತಗೋ."

ಮೂರನೆಯ ದಿನ ನಾನು ನನ್ನ ಹಳೆಯ ಜಾಗದಲ್ಲಿ, ನೀಲಿ ಕಲ್ಲಿನ ಮೇಲೆ ನಿಂತೆ. ಶನಿವಾರ. ಮಂಜು ಇತ್ತು. ನೆಲ್ ಒಲೆ ಉರಿಸಿ, ಅಗುಳಿ ಹಾಕದೆ, ನನ್ನ ಹಿಂದೆ ಕೂತಳು.

ಟಪ್.

ಆ ತಗ್ಗಿಗೇ ಬಿತ್ತು. ಆರು ವರ್ಷದ ಮೇಲೆ, ಸರಿಯಾಗಿ ಅದೇ ತಗ್ಗಿಗೆ. ನನ್ನ ಎಲ್ಲ ಹಲಗೆಗಳೂ ಕಂಪಿಸಿದವು. ಎರಡನೆಯದು ಬೀಳುವ ಮೊದಲೇ ನೆಲ್ ನನ್ನನ್ನು ತೆರೆದಳು.

ಹೊರಗೆ ಬೀದಿ, ಮಂಜು, ದೂರದಲ್ಲಿ ಒಂದು ಗಾಡಿಯ ದೀಪ. ಮತ್ತೇನೂ ಇಲ್ಲ. ನೆಲ್ ಕೂಗಲಿಲ್ಲ, ಅಳಲಿಲ್ಲ. ಒಂದು ಪಕ್ಕಕ್ಕೆ ಸರಿದು ಗೋಡೆಗೆ ಒತ್ತಿ ನಿಂತಳು, ಅಗಲವಾದ ಬುಟ್ಟಿ ಹಿಡಿದವನಿಗೆ ದಾರಿ ಬಿಡುವ ಹಾಗೆ. ಚಳಿಯೊಂದು ನನ್ನ ಅಂಚನ್ನು ಸವರಿ ಒಳಗೆ ಹೋಯಿತು. ಒದ್ದೆ ಉಣ್ಣೆಯ ವಾಸನೆ, ಸುಟ್ಟ ಬೆತ್ತದ ವಾಸನೆ. ಅವಳು ನನ್ನನ್ನು ಮೆಲ್ಲಗೆ ಮುಚ್ಚಿ ಅಗುಳಿ ಹಾಕಿದಳು. ಆರು ವರ್ಷದಲ್ಲಿ ಅಗುಳಿ ಹಾಕಿದ್ದು ಅದೇ ಮೊದಲು.

ಮೇಷ್ಟ್ರು ಮತ್ತೆ ಬಂದರು. ಬೆಲ್ಜಿಯಂ ತಗಡು ನೋಡಿದರು, ತಲೆ ಅಲ್ಲಾಡಿಸಿದರು. ಸಮಿತಿಯ ಉತ್ತರ ಅದೇ: ಅವನು ಸತ್ತ ದಿನ ಬಾಗಿಲು ಎಲ್ಲಿತ್ತೋ ಅದೇ ಲೆಕ್ಕ, ಇವತ್ತಿನ ಬಾಗಿಲು ಅವತ್ತಿಗೆ ಸಲ್ಲದು. ಕಲ್ಲು ನಿಂತಿತು. ವಾದ್ಯ ಬಾರಿಸಿದರು, ಪಾದ್ರಿ ನೀರು ಚಿಮುಕಿಸಿದ, ಹೆಸರುಗಳನ್ನು ಗಟ್ಟಿಯಾಗಿ ಓದಿದರು. ನಾನು ಮುಚ್ಚಿಕೊಂಡೇ ಕೇಳಿದೆ. ಫ್ಲೋರನ ಹೆಸರು ಬರಲಿಲ್ಲ.

ಆ ಸಂಜೆ ಟೋನ್ ಬಂದು ನೆಲ್‌ಳ ಎದುರು ಕೂತ.

"ಸದ್ದು ಬರುತ್ತಾ?"

"ಇಲ್ಲ. ಅವತ್ತೇ ಕೊನೆ."

"ನಾನು ಹೇಳಿದ್ನಲ್ಲ ನೆಲ್. ಎರಡೂ ಹೋಯ್ತು."

ನೆಲ್ ನಿರಿಗೆಯಿಂದ ಕಣ್ಣೆತ್ತಲಿಲ್ಲ. "ಒಳಗಿರೋರು ಬಾಗ್ಲು ಬಡೀತಾರೇನೋ, ಪೆದ್ದ?"

ಆಮೇಲೆ ಅವಳು ಹತ್ತು ವರ್ಷ ಬದುಕಿದಳು. ಪೊಫರ್ ತೊಡುವವರು ಕಡಿಮೆಯಾದರು, ಬೆರಳ ಬಿಳುಪು ಹೋಯಿತು. ಆದರೆ ಮೇಜಿನ ಮೇಲೆ ಎರಡು ತಟ್ಟೆ ಇಡುವುದನ್ನು ಬಿಡಲಿಲ್ಲ. ಅವಳ ನಂತರ ಸೈಕಲ್ ರಿಪೇರಿಯವನೊಬ್ಬ ಮನೆ ಕೊಂಡ. ಮತ್ತೊಂದು ಯುದ್ಧ ಬಂತು. ಈ ಸಲ ಜರ್ಮನರು ಎರಡೂ ದೇಶಗಳಿಗೆ ನುಗ್ಗಿದ್ದರಿಂದ ಬಾಗಿಲು ಯಾವ ಕಡೆ ಎಂದು ಯಾರೂ ಕೇಳಲಿಲ್ಲ. ಎರಡೂ ಕಡೆ ಅದೇ ಬೂಟು. ಬೂಟಿನಿಂದಲೂ ಒದೆ ತಿಂದೆ. ಆ ಒದೆಗಳ ಗುರುತು ಬಣ್ಣ ಹಚ್ಚಿದಾಗ ಹೋಯಿತು. ಅದು ಮುಗಿದ ಮೇಲೆ ಡಚ್ಚರೂ ಕಲ್ಲು ನಿಲ್ಲಿಸಿದರು, ಅವರಿಗೂ ಸತ್ತವರಿದ್ದರು.

ಸೈಕಲಿನವನ ಮೊಮ್ಮಗಳು ಗಾಜಿನ ಬಾಗಿಲು ಹಾಕಿಸಿದಳು. ನಾನು ಹಳೆ ಮರ ಮಾರುವವನ ಕೊಟ್ಟಿಗೆ ಸೇರಿ ಬಹಳ ವರ್ಷವಾಯಿತು. ಗೋಡೆಗೆ ಒರಗಿ ನಿಂತಿದ್ದೇನೆ. ನನ್ನ ಹಿಂದೆ ಯಾವ ಮನೆಯೂ ಇಲ್ಲ, ಹಾಗಾಗಿ ನನಗೀಗ ಯಾವ ದೇಶವೂ ಇಲ್ಲ. ಒಮ್ಮೊಮ್ಮೆ ಗಿರಾಕಿಗಳು ಬರುತ್ತಾರೆ. ಮೊನ್ನೆ ಒಬ್ಬಳು ಬಗ್ಗಿ, ಕೆಳಗಿನ ತಗ್ಗಿನಲ್ಲಿ ಹೆಬ್ಬೆರಳಿಟ್ಟು, "ಇಲ್ಲಿ ಹಾಳಾಗಿದೆಯಲ್ಲ, ಬೆಲೆ ಕಮ್ಮಿ ಮಾಡಿ" ಎಂದಳು. ಮಾರುವವನು ಒಪ್ಪಿದ. ಅವಳು ಯೋಚಿಸಿ ಬರುತ್ತೇನೆಂದು ಹೋದಳು.

ಬಾಗಿಲಾಗಿ ನಾನು ಕಲಿತದ್ದು ಹೆಚ್ಚೇನಿಲ್ಲ. ನನ್ನನ್ನು ಒಮ್ಮೆ ಆಚೆ, ಒಮ್ಮೆ ಈಚೆ ಇಟ್ಟರು. ಎರಡು ಸಲವೂ ಬೇಕಾದದ್ದು ಆಗಲಿಲ್ಲ. ನೆಲ್ ಕಳೆದುಕೊಂಡದ್ದು ಮಗನನ್ನು, ಕಲ್ಲಿನ ಮೇಲಿನ ಅವನ ಹೆಸರನ್ನು, ಕಡೆಗೆ ಆ ಸದ್ದನ್ನೂ. ಅವಳಿಗೆ ಸಿಕ್ಕಿದ್ದು ಒಂದೇ: ಅವನು ಇನ್ನು ಹೊರಗೆ ನಿಂತಿಲ್ಲ.